ಹೂದಾನಿಯ ಕಲ್ಲುಗಳು

ಕಾಂಡವನ್ನು ಓರೆಯಾಗಿ ಕತ್ತರಿಸಬೇಕು, ಅದನ್ನೂ ನೀರಿನೊಳಗೇ ಕತ್ತರಿಸಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಸೇರಿಕೊಂಡು ಹೂವಿಗೆ ನೀರು ಹತ್ತುವುದಿಲ್ಲ. ಇದನ್ನು ಅನುಪಮಾಗೆ ಹೇಳಿಕೊಟ್ಟವಳು ಫೋನಿನ ವೀಡಿಯೊಗಳಲ್ಲಿ ಬರುವ ಯಾವುದೋ ಊರಿನ ಹೆಂಗಸು. ಆಕೆಯ ಮೇಜಿನ ಮೇಲೆ ಹೂದಾನಿಯೊಂದೇ ಇರುತ್ತಿತ್ತು. ಬಟವಾಡಿ ಬಡಾವಣೆಯ ಈ ಮನೆಯ ಮೇಜಿನ ಮೇಲೆ ಹೂದಾನಿಯ ಜೊತೆಗೆ ಅತ್ತೆಯ ಮಾತ್ರೆ ಡಬ್ಬಿ, ಎರಡು ಚಾರ್ಜರು, ಗಂಡ ಮರೆತು ಹೋದ ಕನ್ನಡಕ, ಅರ್ಧ ತಿಂದ ಬಾಳೆಹಣ್ಣು ಇರುತ್ತಿದ್ದವು. ಇವತ್ತು ಅವನ್ನೆಲ್ಲ ಎತ್ತಿ ಕಪಾಟಿಗೆ ತುರುಕಿದ್ದಳು. ಶ್ರಾವಣದ ಸೋಮವಾರ, ಗುಬ್ಬಿಯಿಂದ ನಾದಿನಿ ಶಿವಗಂಗಾ ಬರುವ ದಿನ. ಅವಳಿಗೆ ಮೇಜು ಚೆಂದ ಕಾಣಲಿ ಎಂದು ತಾನು ಬೆಳಗಿನಿಂದ ಒದ್ದಾಡುತ್ತಿರುವುದು ಅನುಪಮಾಗೆ ಗೊತ್ತಿತ್ತು, ಗೊತ್ತಾಗಿ ತನ್ನ ಮೇಲೇ ಸಿಡಿಮಿಡಿಯಾಗುತ್ತಿತ್ತು. ಕೂದಲು ನರೆಯಲು ಶುರುವಾದ ಮೇಲೂ ನಾದಿನಿಯ ಹುಬ್ಬಿಗೆ ಹೆದರಬೇಕೆ? ಆದರೂ ಹಳದಿ ಜರ್ಬೆರಾಗಳನ್ನು ಎತ್ತರ ತಗ್ಗು ನೋಡಿ ನಿಲ್ಲಿಸಿದಳು, ನಡುವೆ ಸುಗಂಧರಾಜದ ಕಡ್ಡಿಗಳನ್ನು ತೂರಿಸಿದಳು, ನೀರಿಗೆ ತಾಗುವ ಎಲೆಗಳನ್ನು ಚಿವುಟಿದಳು, ಒಂದು ಚಿಟಿಕೆ ಸಕ್ಕರೆ ಹಾಕಿದಳು. ಹೆದ್ದಾರಿಯಲ್ಲಿ ಲಾರಿ ಹೋದಾಗಲೆಲ್ಲ ಗಾಜಿನೊಳಗಿನ ನೀರು ಸಣ್ಣಗೆ ಅದುರುತ್ತಿತ್ತು. ಬೆಳಗಿನ ಬಿಸಿಲಿಗೆ ತಳದ ಕಪ್ಪು ಕಲ್ಲುಗಳು ಮಿಂಚುತ್ತಿದ್ದವು. ಈಗಷ್ಟೆ ಉಜ್ಜಿ ತೊಳೆದ ಕಲ್ಲುಗಳು ಅವು.

ಈ ಮನೆಯಲ್ಲಿ ಹೂವು ಇರಬೇಕಾದದ್ದು ದೇವರ ತಲೆಯ ಮೇಲೆ, ಇಲ್ಲವೆ ಹೆಂಗಸರ ಜಡೆಯಲ್ಲಿ. ಹೊಸದಾಗಿ ಮದುವೆಯಾಗಿ ಬಂದಾಗ ಅನುಪಮಾ ಕಾಂಪೌಂಡಿನ ಗಿಡದಿಂದ ಒಂದು ಗುಲಾಬಿಯನ್ನು ತೊಟ್ಟು ಸಮೇತ ಕಿತ್ತು ಸ್ಟೀಲ್ ಲೋಟದಲ್ಲಿ ನೀರು ಹಾಕಿ ಟೀವಿಯ ಮೇಲೆ ಇಟ್ಟಿದ್ದಳು. ನೆಂಟರು ಕೂತಿದ್ದರು. ಅತ್ತೆ ತಿಪ್ಪಮ್ಮ ಏನೂ ಗದರದೆ ಲೋಟ ಎತ್ತಿಕೊಂಡು, "ಹೂವಿಗೇನವ್ವ ಕಾಲ್ನೋವು ಬಂದೈತಾ, ನೀರಲ್ಲಿ ಕಾಲಿಳಿಬಿಟ್ಕಂಡು ನಿಂತ್ಕಳಕೆ?" ಎಂದು ತೊಟ್ಟು ಮುರಿದು ಹೂವನ್ನು ಪೂಜೆಯ ತಟ್ಟೆಗೆ ಹಾಕಿಕೊಂಡಿದ್ದರು. ನೆಂಟರು ನಕ್ಕಿದ್ದರು, ಗಂಡ ಬಸವಪ್ರಭುವೂ ನಕ್ಕಿದ್ದ. ಆಮೇಲೆ ಅವನು ಒಬ್ಬನೇ ಸಿಕ್ಕಾಗ, ಅಮ್ಮನ ಸ್ವಭಾವ ಹಾಗೆ ಬಿಡು ಎಂದಿದ್ದ. ಅನುಪಮಾ ಬಿಟ್ಟಿರಲಿಲ್ಲ. ಬಿಡದೆ ಇರುವುದನ್ನು ತೋರಿಸಲು ಬೇರೆ ದಾರಿ ಕಾಣದೆ, ಮದುವೆಗೆ ಮುಂಚೆ ಮಠದ ಅಯ್ಯನವರು ಕೊಟ್ಟಿದ್ದ ತನ್ನ ಇಷ್ಟಲಿಂಗವನ್ನು ಕೊರಳಿಂದ ತೆಗೆದು, ದಾರಕ್ಕೆ ಕತ್ತು ನವೆಯಾಗುತ್ತದೆ ಎಂದು ಹೇಳಿ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಇಟ್ಟಳು. ತಿಪ್ಪಮ್ಮ ಅದಕ್ಕೂ ಗದರಲಿಲ್ಲ. ಲಿಂಗ ಕಟ್ಟದವರ ಕೈಯ ಅಡುಗೆ ತನಗೆ ಒಗ್ಗುವುದಿಲ್ಲವೆಂದು ಹೇಳಿ ಮಾರನೆಯ ದಿನದಿಂದ ಹಿತ್ತಿಲಿನ ಒಲೆಯಲ್ಲಿ ತಮಗೆ ಬೇರೆ ಮುದ್ದೆ ಮಾಡಿಕೊಂಡರು. ಒಂದೇ ಸೂರಿನಡಿ ಎರಡು ಒಲೆ ಉರಿದವು. ಯಾರೂ ಯಾರ ಮೇಲೂ ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು ಎಂದು ಅನುಪಮಾಗೆ ಎಷ್ಟೋ ಸಲ ಅನ್ನಿಸಿದೆ.

ಆಮೇಲೆ ತಿಪ್ಪಮ್ಮ ಮರೆಯತೊಡಗಿದರು. ಮೊದಲು ಒಲೆ ಆರಿಸುವುದನ್ನು ಮರೆತರು. ಆಮೇಲೆ ತಮಗೆ ಬೇರೆ ಒಲೆ ಇದೆ ಎಂಬುದನ್ನೇ ಮರೆತು ಒಂದು ಮಧ್ಯಾಹ್ನ ಸೊಸೆಯ ತಟ್ಟೆಯ ಎದುರು ಬಂದು ಕೂತು, ಹಸಿವಾಗ್ತೈತೆ ಕಣವ್ವ ಎಂದರು. ಅನುಪಮಾ ಬಡಿಸಿದಳು. ಗೆದ್ದೆ ಎನ್ನಿಸಿತು, ಒಂದು ತುತ್ತು ಕಲಸಿ ಬಾಯಿಗಿಡುವಷ್ಟರಲ್ಲಿ ಆ ಗೆಲುವು ಹಳಸಿಹೋಯಿತು. ಅದೇ ತಿಂಗಳು ಅವಳು ಶಿರಾ ಗೇಟಿನಲ್ಲಿ ಮದುವೆ ಮಂಟಪಗಳಿಗೆ ಹೂವು ಹಾಕುವವನ ಅಂಗಡಿಯಿಂದ ಉದ್ದ ಕಡ್ಡಿಯ ಹೂಗಳನ್ನು ತಂದು ನಡುಮನೆಯ ಮೇಜಿನ ಮೇಲೆ ಗಾಜಿನ ಹೂದಾನಿ ಇಟ್ಟಳು. ಕಡ್ಡಿಗಳು ವಾಲದಿರಲೆಂದು ಕಪ್ಪು ಪಾಲಿಶ್ ಕಲ್ಲುಗಳ ಪೊಟ್ಟಣವನ್ನೂ ತಂದಳು. ತಿಪ್ಪಮ್ಮ ಹೂದಾನಿಯನ್ನು ಬಹಳ ಹೊತ್ತು ನೋಡಿ, "ಚೆನ್ನಾಗೈತೆ. ಯಾರು ಮಾಡಿದ್ದು?" ಎಂದರು. ಅವತ್ತಿನಿಂದ ಅನುಪಮಾ ಒಂದು ದಿನವೂ ನೀರು ಬದಲಾಯಿಸುವುದನ್ನು ತಪ್ಪಿಸಿಲ್ಲ. ಜ್ವರ ಬಂದಾಗಲೂ ಎದ್ದು ಬದಲಾಯಿಸಿದ್ದಾಳೆ. ಲಿಂಗಪೂಜೆಯೊಂದನ್ನು ಮಾತ್ರ ತಿಪ್ಪಮ್ಮ ಮರೆತಿರಲಿಲ್ಲ. ಮಗಳು ಯಾರು ಸೊಸೆ ಯಾರು ಎಂದು ತಡವರಿಸುವವರು ಸ್ನಾನ ಮುಗಿಸಿ ವಿಭೂತಿ ಇಟ್ಟು ಮಣೆಯ ಮೇಲೆ ಕೂತರೆ ಎಡ ಅಂಗೈ ತಾನಾಗಿ ಚಾಚಿಕೊಳ್ಳುತ್ತಿತ್ತು. ಪೂಜೆಯಾಗದೆ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುತ್ತಿರಲಿಲ್ಲ.

"ಅಮ್ಮಣ್ಣಿ, ನೀರಾಯ್ತಾ? ಲಿಂಗಯ್ಯ ಕಾಯ್ತಾವ್ನೆ."

ಹೂ ಜೋಡಿಸಿ ಮುಗಿಯುವಷ್ಟರಲ್ಲಿ ತಿಪ್ಪಮ್ಮ ದೇವರ ಕೋಣೆಯಿಂದ ಕರೆದರು. ಅನುಪಮಾ ತಂಬಿಗೆ ನೀರು, ಕಣಗಿಲೆ ಹೂ, ಎರಡು ಬಿಲ್ವದ ದಳ ತೆಗೆದುಕೊಂಡು ಹೋದಳು. ಅತ್ತೆಯ ಬೆರಳುಗಳಿಗೆ ಈಗ ಹೆಚ್ಚಿನ ದಿನ ಕರಡಿಗೆಯ ಮುಚ್ಚಳ ತೆಗೆಯಲು ಶಕ್ತಿ ಸಾಲದು. ಕೊರಳಲ್ಲಿ ಶಿವದಾರಕ್ಕೆ ತೂಗುವ, ರವಿಕೆಯೊಳಗೆ ಎದೆಗೆ ಅಂಟಿಕೊಂಡೇ ಇರುವ ಆ ಪುಟ್ಟ ಬೆಳ್ಳಿಯ ಡಬ್ಬಿಯನ್ನು ಅನುಪಮಾ ದಿನವೂ ತೆಗೆದುಕೊಡುತ್ತಿದ್ದಳು, ಒಳಗಿನದನ್ನು ಮುಟ್ಟುತ್ತಿರಲಿಲ್ಲ. ಇವತ್ತೂ ಮುಚ್ಚಳ ತೆಗೆದಳು. ಒಳಗೆ ಮಡಿಸಿಟ್ಟ ಬಿಳಿ ಬಟ್ಟೆ ಇತ್ತು. ಬಟ್ಟೆಯೊಳಗೆ ಏನೂ ಇರಲಿಲ್ಲ.

ಮೊದಲು ಕೋಣೆಯಲ್ಲಿ ಹುಡುಕಿದಳು. ಮಣೆಯಡಿ, ಹಾಸಿಗೆಯಲ್ಲಿ, ದಿಂಬಿನ ಕವರಿನೊಳಗೆ, ಬಚ್ಚಲಿನ ಜಾಲರಿಯ ಮೇಲೆ ಎಲ್ಲ ನೋಡಿದಳು. ಅತ್ತೆಯ ಸೀರೆಯನ್ನು ಕೊಡವಿದಳು. ತಿಪ್ಪಮ್ಮ ಅಂಗೈ ಚಾಚಿಕೊಂಡು ಕೂತೇ ಇದ್ದರು, ಬಸ್ಸಿಗೆ ಕಾಯುವವರ ತಾಳ್ಮೆ ಅವರ ಮುಖದಲ್ಲಿತ್ತು. ಬೀದಿಯಲ್ಲಿ ಕಸದ ಆಟೊ ಹಾಡು ಹಾಕಿಕೊಂಡು ವಾಪಸು ಹೋಗುತ್ತಿತ್ತು, ಆ ಹಾಡು ಕೇಳಿಸಿದಾಗ ಅನುಪಮಾಗೆ ಎಸೆದ ಹೂವೂ ನಿನ್ನೆ ಸಂಜೆಯೂ ನೆನಪಾದವು. ಅಡುಗೆಮನೆಯಿಂದ ಬಂದಾಗ ಅತ್ತೆ ಹೂದಾನಿಯ ಎದುರು ನಿಂತಿದ್ದರು. ತುಟಿ ಅಲುಗುತ್ತಿತ್ತು, ಬಲಗೈ ಮುಂಗೈವರೆಗೆ ಒದ್ದೆಯಾಗಿತ್ತು, ಒಂದು ಸೇವಂತಿಗೆಯ ಕಡ್ಡಿ ಮುರಿದು ನೆಲಕ್ಕೆ ಬಿದ್ದಿತ್ತು. ಅನುಪಮಾಳ ಕಣ್ಣಿಗೆ ಬಿದ್ದದ್ದು ಆ ಮುರಿದ ಕಡ್ಡಿ ಮಾತ್ರ. "ಅತ್ತೆ, ಅದನ್ನ ಮುಟ್ಬೇಡಿ ಅಂತ ಎಷ್ಟ್ ಸಲ ಹೇಳ್ಲಿ" ಎಂದು ತೋಳು ಹಿಡಿದು ಕರೆದುಕೊಂಡು ಹೋಗಿ ಟೀವಿಯ ಮುಂದೆ ಕೂರಿಸಿದ್ದಳು. ಹಿಡಿತ ಸ್ವಲ್ಪ ಬಿಗಿಯಾಗಿಯೇ ಇತ್ತು. ಅತ್ತೆ ಏನೋ ಹೇಳಲು ಬಾಯಿ ತೆರೆದಿದ್ದರು, ಇವಳು ಟೀವಿಯ ದನಿ ಏರಿಸಿದ್ದಳು.

ಹಾಗಾದರೆ ನೀರಿನಲ್ಲಿದೆ. ಒಂದು ಕ್ಷಣ ಜೀವ ಬಂದಂತಾಯಿತು, ಮರುಕ್ಷಣ ಬೆಳಗ್ಗೆ ತಾನು ಮಾಡಿದ್ದು ಒಂದೊಂದಾಗಿ ಎದುರು ಬಂದು ನಿಂತಿತು. ನಿನ್ನೆಯ ಹೂವನ್ನು ಕಸದ ಬಕೆಟ್ಟಿಗೆ ಹಾಕಿದ್ದಳು. ನೀರನ್ನು ಕಣಗಿಲೆಯ ಬುಡಕ್ಕೆ ಚೆಲ್ಲಿದ್ದಳು. ಕಲ್ಲುಗಳನ್ನು ಜರಡಿಗೆ ಸುರಿದು ನಲ್ಲಿಯ ಕೆಳಗೆ ಹಿಡಿದಿದ್ದಳು. ಲೋಳೆ ಕಟ್ಟಿದರೆ ಹೂವು ಬೇಗ ಬಾಡುತ್ತದೆ ಎಂದು ಫೋನಿನ ಹೆಂಗಸು ಹೇಳಿದ್ದರಿಂದ ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಉಪ್ಪು ಹಾಕಿ ಒಂದೊಂದನ್ನೂ ಉಜ್ಜಿದ್ದಳು. ಕಿವಿ ಕಸದ ಆಟೊದ ಕಡೆಗೆ, ಕಣ್ಣು ಉಕ್ಕುವ ಹಾಲಿನ ಕಡೆಗೆ ಇತ್ತು. ಒಂದು ಕಲ್ಲಿಗೆ ಮಾತ್ರ ಕಪ್ಪನೆಯ ಹೆಕ್ಕಳ ಅಂಟಿಕೊಂಡಿತ್ತು, ನೆನೆದು ಬಿರುಕುಬಿಟ್ಟಿತ್ತು, ಬ್ರಶ್ಶು ತಾಗಿದರೆ ಹೋಳುಹೋಳಾಗಿ ಏಳುತ್ತಿತ್ತು. ಡೂಪ್ಲಿಕೇಟ್ ಪಾಲಿಶ್ ಎಂದುಕೊಂಡು ಉಗುರು ಹಾಕಿ ಕೆರೆದು ಪೂರಾ ತೆಗೆದಿದ್ದಳು. ಚೊಕ್ಕಟವಾಯಿತಲ್ಲ ಎಂದು ಖುಷಿಯೂ ಆಗಿತ್ತು. ಲಿಂಗದ ಮೇಲೆ ಕವಚದಂತೆ ಹಚ್ಚುವ ಕಂತಿ ಅದು. ಕಂತಿ ಬಿರುಕುಬಿಟ್ಟಿದೆ, ಮಠಕ್ಕೆ ಕೊಟ್ಟು ಹೊಸದಾಗಿ ಕಟ್ಟಿಸಿಕೊಂಡು ಬಾರಪ್ಪ ಎಂದು ತಿಪ್ಪಮ್ಮ ನೆನಪಿದ್ದ ಕಾಲದಲ್ಲಿ ಮಗನಿಗೆ ಹೇಳುತ್ತಲೇ ಇದ್ದರು. ಬಸವಪ್ರಭು ದಸರಾ ರಜಕ್ಕೆ ಎಂದಿದ್ದ, ಆಮೇಲೆ ಬೇಸಿಗೆ ರಜಕ್ಕೆ ಎಂದಿದ್ದ.

ಹೂದಾನಿಯನ್ನು ಅಡುಗೆಮನೆಗೆ ಒಯ್ದು ಹೂಗಳನ್ನು ಎತ್ತಿಟ್ಟು ಕಲ್ಲುಗಳನ್ನೆಲ್ಲ ಊಟದ ತಟ್ಟೆಗೆ ಸುರಿದಳು. ಎಲ್ಲವೂ ಕಪ್ಪು, ಎಲ್ಲವೂ ನುಣುಪು. ಕೆಲವು ಹುಣಸೆ ಬೀಜದಷ್ಟು, ಕೆಲವು ಅಡಕೆಯಷ್ಟು. ಅತ್ತೆಯ ಲಿಂಗ ಹೇಗಿತ್ತು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಗುಂಡಗೆ, ಮೇಲೆ ಮೊನಚಾಗಿ, ಎಣ್ಣೆಗಪ್ಪಾಗಿ ಇತ್ತು. ಆದರೆ ಅದು ಕಂತಿಯ ರೂಪ. ಒಳಗಿನ ಕಲ್ಲನ್ನು ಈ ಮನೆಯಲ್ಲಿ ಯಾರೂ ಕಂಡಿಲ್ಲ. ತಿಪ್ಪಮ್ಮನೂ ಕಂಡಿಲ್ಲ. ಅಮೃತೂರಿನ ಕಡೆಯ ಹಳ್ಳಿಯಲ್ಲಿ, ಅವರು ಕಣ್ಣು ಬಿಡದ ಕೂಸಾಗಿದ್ದಾಗ ಯಾರೋ ಅಯ್ಯನವರು ಕಟ್ಟಿದ್ದು. ಕಟ್ಟಿದವರೂ ಇಲ್ಲ, ಕಟ್ಟಿಸಿದವರೂ ಇಲ್ಲ. ಎಂಬತ್ತು ವರ್ಷ ಎದೆಯ ಮೇಲೆ ಹೊತ್ತದ್ದರ ಮುಖವನ್ನು ಹೊತ್ತವರೇ ನೋಡಿರಲಿಲ್ಲ. ಈಗ ಅದು ಈ ತಟ್ಟೆಯಲ್ಲಿತ್ತು, ಕಳೆದುಹೋಗಿರಲಿಲ್ಲ, ಕಳೆದುಹೋಗಿದ್ದರೆ ಕಳೆಯಿತು ಎಂದಾದರೂ ಹೇಳಬಹುದಿತ್ತು. ಲಿಂಗದ ಹಾಗೆ ನಡುವೆ ಸೊಂಟದಂತೆ ತಗ್ಗಿದ್ದ ಒಂದನ್ನು ಆರಿಸಿದಳು. ಪಕ್ಕದಲ್ಲೇ ಅಂಥದೇ ಇನ್ನೊಂದಿತ್ತು. ಬೆಳಕಿಗೆ ಹಿಡಿದಳು, ನಾಲಗೆಯ ತುದಿಗೆ ತಾಗಿಸಿಯೂ ನೋಡಿದಳು, ಎಲ್ಲಕ್ಕೂ ಒಂದೇ ರುಚಿ. ಅನುಪಮಾಗೆ ಅಳು ಬಂತು. ದೇವರೆಂದು ತಾನು ನಂಬದ ಒಂದು ವಸ್ತುವಿಗಾಗಿ ಅಳುತ್ತಿದ್ದೇನೆ ಎನ್ನಿಸಿ ಅದು ಇನ್ನಷ್ಟು ಜಾಸ್ತಿಯಾಯಿತು.

ಬಸವಪ್ರಭು ಕುಣಿಗಲ್ಲಿನಲ್ಲಿ ಹೈಸ್ಕೂಲು ಮೇಷ್ಟ್ರು, ಬೆಳಗಿನ ಬಸ್ಸಿಗೇ ಹೋಗಿಬಿಡುತ್ತಾನೆ. ಎರಡು ಸಲ ಫೋನು ಎತ್ತಲಿಲ್ಲ. ಮೂರನೆಯ ಸಲ ಎತ್ತಿದಾಗ ಹಿಂದಿನಿಂದ ಮಕ್ಕಳ ಗಲಾಟೆ ಕೇಳುತ್ತಿತ್ತು.

"ಕಳೆದೋಯ್ತಾ?"

"ಕಳೆದಿಲ್ಲ ಕಣ್ರಿ. ಇಲ್ಲೇ ಐತೆ. ಯಾವ್ದು ಅಂತ ಗೊತ್ತಾಗ್ತಿಲ್ಲ."

"ಅಂದ್ರೆ? ಸರಿಯಾಗಿ ಹೇಳು."

ಸರಿಯಾಗಿ ಹೇಳಿದಳು. ಬ್ರಶ್ಶಿನ ವಿಷಯವನ್ನೂ ಹೇಳಿದಳು. ಕಂತಿ ಕಟ್ಟಿಸದೆ ಬಿಟ್ಟದ್ದು ಅವನಿಗೂ ನೆನಪಾಗಿರಬೇಕು. ಆ ಮಾತನ್ನು ಅವನೂ ಎತ್ತಲಿಲ್ಲ, ಇವಳೂ ಎತ್ತಲಿಲ್ಲ.

"ನೋಡು, ಅಮ್ಮಂಗೆ ಏನ್ ಗೊತ್ತಾಗುತ್ತೆ ಈಗ? ಯಾವ್ದಾದ್ರೂ ಒಂದು ಕೈಗೆ ಇಟ್ಬುಡು. ಮೊದ್ಲು ಊಟ ಮಾಡ್ಲಿ, ಮಾತ್ರೆ ತಗೊಳ್ಲಿ. ಭಾನುವಾರ ಹೊಸದು ತಂದ್ರಾಯ್ತು." ಆಮೇಲೆ ದನಿ ತಗ್ಗಿಸಿದ. "ಅಕ್ಕಂಗೆ ಮಾತ್ರ ಹೇಳ್ಬೇಡ. ಊರೆಲ್ಲ ಒಂದ್ ಮಾಡ್ತಾಳೆ. ಕ್ಲಾಸಿದೆ, ಇಡ್ತೀನಿ."

ಫೋನಿಟ್ಟ ಮೇಲೆ ಅವಳಿಗೆ ಬೀರು ನೆನಪಾಯಿತು. ರೇಷ್ಮೆ ಸೀರೆಗಳ ಕೆಳಗೆ ತನ್ನ ಲಿಂಗವಿತ್ತು, ಕಂತಿ ಸ್ವಲ್ಪವೂ ಮುಕ್ಕಾಗದೆ, ಯಾರ ಎದೆಯನ್ನೂ ಮುಟ್ಟದೆ ಬಿದ್ದಿತ್ತು. ಅದನ್ನೇ ಕೊಟ್ಟರೆ ಅತ್ತೆಗೆ ಗುರುತು ಸಿಗುವುದಿಲ್ಲ. ಬೀರುವಿನ ಬೀಗದ ಕೈವರೆಗೆ ಹೋದಳು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟಬಾರದು ಎಂಬ ಕಟ್ಟಳೆ ಅಡ್ಡ ಬಂತು. ಇಷ್ಟು ವರ್ಷ ಯಾವ ಕಟ್ಟಳೆಗೂ ಸೊಪ್ಪು ಹಾಕದವಳಿಗೆ ಇದೊಂದು ಯಾಕೆ ಅಡ್ಡ ಬರಬೇಕು ಎಂದು ತಿಳಿಯದೆ, ಬೀಗದ ಕೈಯನ್ನು ಮೊಳೆಗೆ ಮತ್ತೆ ನೇತುಹಾಕಿ ಹಿಂದಿರುಗಿದಳು. ತಟ್ಟೆಯಿಂದ ಆ ತಗ್ಗಿನ ಕಲ್ಲನ್ನು ಎತ್ತಿಕೊಂಡು ದೇವರ ಕೋಣೆಗೆ ಹೋದಳು. ತಿಪ್ಪಮ್ಮನ ಹಣೆಯ ಮೇಲೆ ಬೆವರು ಮೂಡಿ ವಿಭೂತಿ ಒದ್ದೆಯಾಗಿತ್ತು. ಸಕ್ಕರೆ ಕಾಯಿಲೆಯವರು ಇಷ್ಟು ಹೊತ್ತು ಹಸಿದಿರಬಾರದು. ಅನುಪಮಾ ಮೆಲ್ಲಗೆ ಕಲ್ಲನ್ನು ಅಂಗೈಯಲ್ಲಿಟ್ಟಳು. ತಿಪ್ಪಮ್ಮ ಬೆರಳು ಮಡಿಸಿದರು, ಕಣ್ಣು ಮುಚ್ಚಿದರು, ಮತ್ತೆ ತೆರೆದರು.

"ಇದು ನಂದಲ್ಲ ಕಣವ್ವ."

"ನಿಮ್ದೇ ಅತ್ತೆ. ಕಂತಿ ಬಿಚ್ಚೋಗಿದೆ ಅಷ್ಟೆ."

"ತಣ್ಣಗೈತೆ. ನಂದು ಬೆಚ್ಚಗಿರ್ತದೆ." ಕಲ್ಲನ್ನು ವಾಪಸು ಕೊಟ್ಟರು. ಕೋಪವಿರಲಿಲ್ಲ, ಅಂಗಡಿಯವನು ತಪ್ಪಿ ಬೇರೆಯವರ ಸಾಮಾನು ಕೊಟ್ಟರೆ ಹಿಂದಿರುಗಿಸುವ ಹಾಗೆ ಕೊಟ್ಟರು. ಅಂಗೈ ಮತ್ತೆ ಚಾಚಿಕೊಂಡಿತು.

"ಒಂದ್ ಲೋಟ ಹಾಲು ಕುಡೀರಿ. ಆಮೇಲೆ ಹುಡುಕ್ಕೊಡ್ತೀನಿ."

"ಪೂಜೆ ಆಗ್ಲಿ."

"ತಲೆ ಸುತ್ತುತ್ತೆ ಅತ್ತೆ."

"ಆಗ್ಲಿ ಬುಡು."

ಅನುಪಮಾ ಗೋಡೆಗೆ ಒರಗಿ ನಿಂತಳು. ಬಲವಂತವಾಗಿ ಬಾಯಿಗೆ ಹಾಲು ಹಾಕಬಹುದು; ಈಗ ಅವರಲ್ಲಿ ತಡೆಯುವ ಶಕ್ತಿ ಇಲ್ಲ. ಹಾಗೆ ಯೋಚಿಸಿದ್ದಕ್ಕೆ ತನ್ನ ಕೈಯನ್ನೇ ನೋಡಿಕೊಂಡಳು. ಆ ಕೈಯಲ್ಲಿ ಕಲ್ಲಿತ್ತು. ಬಿಸಿ ನೀರಿನಲ್ಲಿ ಅದ್ದಿ ತರಬಹುದಿತ್ತು, ಅದು ಹೊಳೆಯಲಿಲ್ಲವೆಂದಲ್ಲ. ಆದರೆ ಬಿಸಿ ನೀರಿನ ಬಿಸಿ ಬೇರೆ, ಮೈಯ ಬಿಸಿ ಬೇರೆ, ಅತ್ತೆಯ ಅಂಗೈಗೆ ಅದು ತಿಳಿಯುತ್ತದೆ ಎಂದು ಅವಳಿಗೆ ಖಚಿತವಾಗಿ ಅನ್ನಿಸಿತು. ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿ ಸೆರಗು ಸರಿಸಿ ಕಲ್ಲನ್ನು ರವಿಕೆಯೊಳಗೆ ಎದೆಯ ನಡುವೆ ಇಟ್ಟುಕೊಂಡಳು. ತಣ್ಣಗಿನ ಕಲ್ಲು ತಾಗಿ ಮೈ ಜುಮ್ಮೆಂದಿತು. ಮೇಲೆ ಅಂಗೈ ಒತ್ತಿಕೊಂಡು ನಿಂತಳು. ಕುಕ್ಕರು ಕೂಗಿತು, ಪಕ್ಕದ ಮನೆಯಲ್ಲಿ ಯಾರೋ ನೀರಿನ ಮೋಟಾರು ಹಾಕಿದರು. ತನ್ನ ಎದೆ ಬಡಿಯುವುದು ಕಲ್ಲಿನ ಮೂಲಕ ಕೈಗೆ ತಿಳಿಯುತ್ತಿತ್ತು. ಮದುವೆಗೆ ಮುಂಚೆ ಲಿಂಗ ಕಟ್ಟಿದ ಅಯ್ಯನವರು ಕಿವಿಯಲ್ಲಿ ಏನೋ ಹೇಳಿದ್ದರು. ಆಗ ಅವಳ ಗಮನವೆಲ್ಲ ತಲೆಯ ಮೇಲಿನ ಹೂವಿನ ದಂಡೆ ಜಾರುತ್ತಿದೆಯಲ್ಲ ಎಂಬುದರ ಮೇಲಿತ್ತು. ಏನು ಹೇಳಿದ್ದರೋ. ಇಷ್ಟು ವರ್ಷದ ಮೇಲೆ ಈ ಮನೆಯಲ್ಲಿ ಯಾರಾದರೂ ಅವಳನ್ನು ಈಗ ನೋಡಿದರೆ ಎದೆಗೆ ಲಿಂಗ ಒತ್ತಿಕೊಂಡು ನಿಂತಿದ್ದಾಳೆ ಎಂದೇ ತಿಳಿಯುತ್ತಿದ್ದರು. ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಇನ್ನೇನೋ ಇತ್ತು, ಅದಕ್ಕೆ ಹೆಸರಿಡುವುದು ಅವಳಿಗೆ ಬೇಕಿರಲಿಲ್ಲ.

ಈ ಸಲ ತಿಪ್ಪಮ್ಮ ಕಲ್ಲನ್ನು ಬಹಳ ಹೊತ್ತು ಮುಚ್ಚಿ ಹಿಡಿದುಕೊಂಡರು. ಸೊಸೆಯ ಮುಖವನ್ನು ಒಮ್ಮೆ ನೋಡಿದರು. ಆಮೇಲೆ ಅಂಗೈ ತೆರೆದು ನೀರು ಹನಿಸಿ, ವಿಭೂತಿ ಹಚ್ಚಿ, ಕಣಗಿಲೆ ಹೂವಿನ ತೊಟ್ಟು ಮುರಿದು ಅದರ ಮೇಲಿಟ್ಟರು. ಬಿಲ್ವದ ದಳವನ್ನು ಬೋರಲಾಗಿಟ್ಟರು. ತುಟಿಗಳು ಅಲುಗಿದವು. ಎಲ್ಲ ಮರೆತ ಆ ಕೈಗಳು ಒಂದನ್ನೂ ತಪ್ಪಲಿಲ್ಲ. ಅನುಪಮಾ ಬಾಗಿಲಲ್ಲಿ ನಿಂತು ನೋಡಿದಳು. ಅಂಗಡಿಯಿಂದ ತಾನು ತಂದ ಕಲ್ಲಿಗೇ ಇಷ್ಟೆಲ್ಲ ನಡೆಯುತ್ತಿದೆಯೇನೋ, ನಿಜವಾದದ್ದು ಅಡುಗೆಮನೆಯ ಕಟ್ಟೆಯ ಮೇಲೆ ಎಂಜಲು ತಟ್ಟೆಯಲ್ಲಿ ಬಿದ್ದಿದೆಯೇನೋ. ಇದೇ ನಿಜವಾದದ್ದೂ ಇರಬಹುದು. ಯಾವುದೆಂದು ತಿಳಿಯುವ ದಾರಿ ಇನ್ನು ಇರಲಿಲ್ಲ. ಪೂಜೆ ಮುಗಿಸಿ ತಿಪ್ಪಮ್ಮ ಕಲ್ಲನ್ನು ಬಟ್ಟೆಯಲ್ಲಿ ಸುತ್ತಿ ಕರಡಿಗೆಗೆ ಹಾಕಿಕೊಂಡರು. ಎರಡು ಇಡ್ಲಿ ತಿಂದರು, ಮಾತ್ರೆ ನುಂಗಿದರು, ಮಲಗಿದರು. ಅನುಪಮಾ ಉಳಿದ ಕಲ್ಲುಗಳನ್ನು ತೊಳೆದು ಹೂದಾನಿಗೆ ಹಾಕಿದಳು. ಬೇರೆಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಎಸೆಯುವಂತಿಲ್ಲ, ಡಬ್ಬಿಯಲ್ಲಿ ಕತ್ತಲಲ್ಲಿ ಇಡಲೂ ಮನಸ್ಸು ಬರಲಿಲ್ಲ. ಹೂದಾನಿಯನ್ನು ಮೇಜಿಗೆ ತಂದು ಹೂಗಳನ್ನು ಮತ್ತೆ ನಿಲ್ಲಿಸಿ ನೀರು ಹಾಕುವಾಗ ಕೈ ಎಂದಿನಂತೆ ಬಗ್ಗಿಸಿ ಸುರಿಯಲಿಲ್ಲ, ಸಣ್ಣ ಧಾರೆಯಾಗಿ ಬಿಟ್ಟಿತು. ಅದನ್ನು ಗಮನಿಸಿ ಅವಳಿಗೆ ಹೆದರಿಕೆಯಾಯಿತು. ಇನ್ನು ಮೇಲೆ ಈ ನೀರನ್ನು ಎಲ್ಲಿ ಚೆಲ್ಲುವುದು, ಬಾಡಿದ ಜರ್ಬೆರಾಗಳನ್ನು ಕಸದ ಆಟೊಗೆ ಹೇಗೆ ಹಾಕುವುದು? ಈ ಮನೆಯಲ್ಲಿ ತನ್ನದು ಎಂದು ಇದ್ದದ್ದು ಅದೊಂದು ಮೇಜಿನ ಮೂಲೆ, ಅದೂ ದೇವರ ಕೋಣೆಯಾಗಿಹೋಯಿತು.

ಶಿವಗಂಗಾ ಊಟದ ಹೊತ್ತಿಗೆ ಬಂದಳು. ಚಪ್ಪಲಿ ಬಿಡುವಾಗಲೇ ಗುಬ್ಬಿ ಬಸ್ಸಿನ ರಶ್ಶಿನ ಬಗ್ಗೆ ಹೇಳುತ್ತ ಬಂದು, ಅಮ್ಮನ ಕೆನ್ನೆ ಸವರಿ, ಕರಡಿಗೆಯನ್ನು ಮುಟ್ಟಿ ನೋಡಿ, ಪೂಜೆ ಆಯ್ತಾ ಎಂದು ಕೇಳಿ, ಆಯಿತೆಂದಾಗ ಸಮಾಧಾನದಿಂದ ಕೂತಳು. ಅಮ್ಮನನ್ನು ನೋಡಿಕೊಳ್ಳುವ ಕಷ್ಟ ತನ್ನದಲ್ಲದ ಕಾರಣ ಅವಳಿಗೆ ಅಮ್ಮನ ಮೇಲೆ ಪ್ರೀತಿ ಧಾರಾಳವಾಗಿತ್ತು. ಕೆಟ್ಟವಳಲ್ಲ. ಊಟವಾದ ಮೇಲೆ ಮೇಜಿನ ಹತ್ತಿರ ನಿಂತು ಸೊಂಟದ ಮೇಲೆ ಕೈಯಿಟ್ಟಳು.

"ಏನ್ ಅನುಪಮಾ, ಮದ್ವೆ ಸ್ಟೇಜ್ ಮಾಡ್ಬಿಟ್ಟಿದೀಯ. ಚೆನ್ನಾಗಿದೆ ಕಣೆ. ಈ ಕಲ್ಲು ಎಲ್ಲಿ ತಗೊಂಡೆ?"

"ಶಿರಾ ಗೇಟಲ್ಲಿ."

"ನಮ್ಮನೆ ಮನಿಪ್ಲಾಂಟು ಬಾಟ್ಲಿಲಿ ಒಂದ್ ಕಡೆಗೇ ವಾಲ್ಕೊಂಡು ಒದ್ದಾಡ್ತೈತೆ. ಎರಡು ಹಿಡಿ ಕೊಡು, ಹಾಕ್ತೀನಿ."

ಅನುಪಮಾ ಹೂದಾನಿಯನ್ನು ತನ್ನ ಕಡೆಗೆ ಎಳೆದುಕೊಂಡಳು. "ಹೊಸದು ತರಿಸ್ಕೊಡ್ತೀನಿ ಅಕ್ಕ. ಇದು ಹಳೇದು."

"ಕಲ್ಲಿಗೇನೇ ಹಳೇದು ಹೊಸದು?"

"ಕಡ್ಡಿ ನಿಲ್ಲಲ್ಲ, ಇವು ಕಮ್ಮಿಯಾದ್ರೆ."

"ಕಲ್ಲಿಗೂ ಹಿಂಗೆ ಹಿಡಿತ ಮಾಡ್ತೀಯಲ್ಲ." ಶಿವಗಂಗಾ ನಕ್ಕಳು. ತಮಾಷೆಯ ನಗುವೇ, ಆದರೆ ಹುಬ್ಬು ಏರಿತು. "ನಮ್ಮಮ್ಮನ ಮನೆ ಕಲ್ಲು ಕಣೆ. ನಂಗಷ್ಟೂ ಹಕ್ಕಿಲ್ವಾ?"

ಹೇಳಿಬಿಡಬೇಕು ಎಂದು ಅನುಪಮಾ ಬಾಯಿ ತೆರೆದಳು. ಹೇಳಿದರೆ ಬ್ರಶ್ಶಿನಿಂದ ಶುರುಮಾಡಬೇಕು. ಬ್ರಶ್ಶಿನಿಂದ ಸ್ಟೀಲ್ ಲೋಟದ ಗುಲಾಬಿಯವರೆಗೆ, ಬೀರುವಿನವರೆಗೆ, ಹಿತ್ತಿಲ ಒಲೆಯವರೆಗೆ ಎಲ್ಲ ಬರುತ್ತದೆ. ಬೇಕಂತಲೇ ಮಾಡಿದೆಯಾ ಎಂದು ಅವಳು ಕೇಳುತ್ತಾಳೆ, ಇಲ್ಲ ಎಂದರೆ ಯಾರು ನಂಬುತ್ತಾರೆ, ತನಗೇ ಪೂರಾ ನಂಬಿಕೆ ಇಲ್ಲ. ಅಕ್ಕಂಗೆ ಮಾತ್ರ ಹೇಳ್ಬೇಡ ಎಂದು ಗಂಡ ಅಂದದ್ದು ಆಸರೆಗೆ ಸಿಕ್ಕಿತು. ತೆರೆದ ಬಾಯಿಯಿಂದ, "ಕವರ್ ತರ್ತೀನಿ ಇರಿ" ಎಂದಳು. ಕವರ್ ತರುವಷ್ಟರಲ್ಲಿ ಶಿವಗಂಗಾ ಹೂಗಳನ್ನು ಒಂದು ಪಕ್ಕಕ್ಕೆ ಒತ್ತಿ ಬಳೆಯವರೆಗೆ ಕೈ ಇಳಿಬಿಟ್ಟು ಕಲ್ಲು ತೆಗೆಯುತ್ತಿದ್ದಳು. ಒಂದು ಹಿಡಿ, ಇನ್ನೊಂದು ಹಿಡಿ. ಪ್ರತಿ ಹಿಡಿಯ ಜೊತೆಗೂ ನೀರು ಮೇಜಿನ ಮೇಲೆ ಸೋರುತ್ತಿತ್ತು. ಅನುಪಮಾ ಕವರಿನ ಬಾಯಿ ಅಗಲಿಸಿ ಹಿಡಿದುಕೊಂಡಳು. ಕಲ್ಲುಗಳು ಒಂದರ ಮೇಲೊಂದು ಬಿದ್ದ ಸದ್ದಿಗೆ ಮಲಗಿದ್ದ ತಿಪ್ಪಮ್ಮ ಕಣ್ಣು ಬಿಟ್ಟು ಈ ಕಡೆ ನೋಡಿದರು, ಮತ್ತೆ ಮುಚ್ಚಿದರು. ಕಾಫಿ ಕುಡಿದು, ಮುಂದಿನ ಸೋಮವಾರ ಬರ್ತೀನಿ ಎಂದು ಹೇಳಿ, ಶಿವಗಂಗಾ ಕವರನ್ನು ಬ್ಯಾಗಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಆಟೊ ಹತ್ತಿದಳು.

ದೀಪ ಹಚ್ಚುವ ಹೊತ್ತಿಗೆ ತಿಪ್ಪಮ್ಮನಿಗೆ ಎಚ್ಚರವಾಯಿತು. ಕೆಲವು ಸಂಜೆ ಅವರ ಕಣ್ಣು ತಿಳಿಯಾಗಿರುತ್ತದೆ, ಇವತ್ತು ಹಾಗೆ ಇತ್ತು. ಮುಖ ತೊಳೆದು ಮಣೆಯ ಮೇಲೆ ಕೂತು ಅನುಪಮಾಳನ್ನು ಕರೆದರು. ಕರಡಿಗೆಯ ಮುಚ್ಚಳವನ್ನು ಅವರೇ ತೆಗೆದಿದ್ದರು. ಬಟ್ಟೆ ಬಿಚ್ಚಿ ಕಲ್ಲನ್ನು ಅವಳ ಕಡೆ ಚಾಚಿದರು.

"ತಗೋ. ಇದು ನಿಂದು."

ಅನುಪಮಾ ಕೈಗಳನ್ನು ಸೆರಗಿಗೆ ಒರೆಸಿಕೊಂಡಳು.

"ಬೆಳಗ್ಗೇನೇ ಗೊತ್ತಾಯ್ತು ಕಣವ್ವ, ನಿನ್ ಮೈ ಬಿಸಿ ಇತ್ತು. ಇಷ್ಟ್ ದಿನಕ್ಕೆ ಕಟ್ಕಂಡವ್ಳೆ, ಕಟ್ಕಂಡಿದ್ನೇ ಬಿಚ್ಕೊಟ್ಟವ್ಳೆ, ಬ್ಯಾಡ ಅನ್ಬಾರ್ದು ಅಂತ ಒಂದೊತ್ತು ಪೂಜೆ ಮಾಡ್ದೆ. ನಿಂದು ನೀನಿಟ್ಕ. ನಂದು ಹೂವಲ್ಲಿ ಮಡಗಿವ್ನಿ ನೆನ್ನೆ. ತಗಂಬಾ."

"ಅಲ್ಲಿ ಯಾಕೆ ಮಡಗಿದ್ರಿ ಅತ್ತೆ?"

ತಿಪ್ಪಮ್ಮ ಇದೆಂಥ ಪ್ರಶ್ನೆ ಎಂಬಂತೆ ನೋಡಿದರು. "ನಂಗೆ ಎಲ್ಲ ಮರ್ತೋಯ್ತದೆ. ನಾಳಿಕ್ಕೆ ಇದೂ ಮರ್ತೋದ್ರೆ ಇವ್ನಿಗೆ ನೀರ್ ಹಾಕೋರ್ಯಾರು? ನೀನು ದಿನಾ ಅದ್ರ ನೀರು ಬದ್ಲಾಯಿಸ್ತೀಯ, ಹೊಸ ಹೂವ ಇಡ್ತೀಯ. ನೀನು ಒಂದ್ದಿನಾನೂ ತಪ್ಸಲ್ಲ." ಸ್ವಲ್ಪ ತಡೆದು, "ಅದ್ನ ಹೇಳಾನ ಅಂದ್ರೆ ನೀನು ಟೀವಿ ಹಾಕ್ದೆ" ಎಂದರು.

ಕಲ್ಲು ಅನುಪಮಾಳ ಅಂಗೈಗೆ ಬಂತು. ಬೆಚ್ಚಗಿತ್ತು, ಅತ್ತೆಯ ಎದೆಯ ಬಿಸಿ ಅದು. ಸೆರಗಿನ ತುದಿಗೆ ಗಂಟು ಹಾಕಿಕೊಂಡು ನಡುಮನೆಗೆ ಹೋದಳು. ಶಿವಗಂಗಾಳ ಬಸ್ಸು ಇಷ್ಟು ಹೊತ್ತಿಗೆ ಗುಬ್ಬಿ ಮುಟ್ಟಿರುತ್ತದೆ, ಕಲ್ಲುಗಳು ಬಾಟಲಿಯೊಳಗೆ ಇಳಿದಿರುತ್ತವೆ. ಆಸರೆ ಕಡಿಮೆಯಾಗಿ ಜರ್ಬೆರಾಗಳೆಲ್ಲ ಒಂದೇ ಕಡೆಗೆ ವಾಲಿಕೊಂಡಿದ್ದವು. ಅವನ್ನು ಒಂದೊಂದಾಗಿ ಎತ್ತಿ ಮೇಜಿನ ಮೇಲೆ ಮಲಗಿಸಿ ನೀರಿನೊಳಕ್ಕೆ ಕೈ ಹಾಕಿದಳು. ಬೆರಳು ಬಹಳ ಬೇಗ ಗಾಜಿನ ತಳ ಮುಟ್ಟಿತು.

"ಸಾವಕಾಶ ತಗಂಬಾ," ಎಂದರು ತಿಪ್ಪಮ್ಮ ಒಳಗಿನಿಂದ. "ನಾ ಕಾಯ್ತಿರ್ತೀನಿ."

ಅವರ ಎಡ ಅಂಗೈ ಚಾಚಿಕೊಂಡೇ ಇತ್ತು.